ಕರೀ ತುಕ್ಕಿಗೆ ಬೇರೆ ಹೆಸರು ಇದೆಯಾ?

ಎಲ್ಲರಿಗೂ ನಮಸ್ಕಾರ. ಕಮ್ಮಾರಿಕೆ, ಬಡಿಗತನದ ಮಾತು ಬಲ್ಲವರಲ್ಲಿ ಒಂದು ಪ್ರಶ್ನೆ.

ಗಂಗಾವತಿಯಲ್ಲಿ ನಮ್ಮ ಮನೆ ಹಿಂದೆ ಒಂದು ತಗಡಿನ ಶೆಡ್ ಇದೆ. ಅಲ್ಲಿ ಹಳೆಯ ಸಾಮಾನು ಸರಿ ಮಾಡುತ್ತಿರುತ್ತೇನೆ. ಅಕ್ಕಿ ಗಿರಣಿಯೊಂದರ ಗುಜರಿಯಿಂದ ತಂದ ವೈಸ್, ಗೋಡೆಗೆ ಕೂರಿಸಿ ಕೈಯಿಂದ ತಿರುಗಿಸುವ ಡ್ರಿಲ್, ಒಂದಷ್ಟು ಇಕ್ಕಳ, ಸುತ್ತಿಗೆ ಈಗ ಕೈಯಲ್ಲಿವೆ. ಮಾಡುವ ಕ್ರಮವನ್ನು ಕನ್ನಡದಲ್ಲೇ ಬರೆದಿಡುತ್ತಿದ್ದೇನೆ. ಪಾನಾ (ಸ್ಪ್ಯಾನರ್), ಅರ, ಉಳಿ, ಸಾಣೆ, ಬೈರಿಗೆ, ಎಲ್ಲಕ್ಕೂ ಮಾತು ಇದೆ. ಬರವಣಿಗೆ ನಿಂತಿರುವುದು ತುಕ್ಕಿನ ಹತ್ತಿರ.

ಹಳೆಯ ಕಬ್ಬಿಣದ ಮೇಲೆ ಎರಡು ಥರದ ಪದರ ಇರುತ್ತದೆ. ಒಂದು ಕೆಂಪು. ಅದು ಪುಡಿಪುಡಿ. ನೀರಿನ ಪಸೆ ಹಿಡಿದಿಟ್ಟುಕೊಳ್ಳುತ್ತದೆ, ಉಬ್ಬಿ ಚಕ್ಕೆ ಏಳುತ್ತದೆ. ಚಕ್ಕೆ ಬಿದ್ದ ಕಡೆ ಒಳಗಿನ ಕಬ್ಬಿಣ ಮತ್ತೆ ಗಾಳಿಗೆ ಸಿಗುತ್ತದೆ, ಅದೂ ಹಾಳಾಗುತ್ತದೆ. ಇನ್ನೊಂದು ಕಪ್ಪು. ಅದು ತೆಳ್ಳಗೆ, ಬಿಗಿಯಾಗಿ ಅಂಟಿಕೊಂಡಿರುತ್ತದೆ. ಸವರಿದ ಎಣ್ಣೆಯನ್ನು ಹಿಡಿದುಕೊಳ್ಳುತ್ತದೆ, ಕೆಂಪು ಬೇಗ ಹತ್ತದ ಹಾಗೆ ನೋಡಿಕೊಳ್ಳುತ್ತದೆ. ಎರಡೂ ಕಬ್ಬಿಣಕ್ಕೆ ಆಮ್ಲಜನಕ ಸೇರಿ ಆದದ್ದೇ. ಕೆಂಪು ಹತ್ತಿದ ಸಣ್ಣ ಭಾಗವನ್ನು ಎಣ್ಣೆ ಜಿಡ್ಡು ತೆಗೆದು ಶುದ್ಧ ನೀರಿನಲ್ಲಿ ಕುದಿಸಿದರೆ ತೆಳುವಾದ ಕೆಂಪು ಕಪ್ಪಾಗಿ ತಿರುಗುತ್ತದೆ. ಸಡಿಲ ಪುಡಿಯನ್ನು ತಂತಿ ಬ್ರಷ್‌ನಿಂದ ಉಜ್ಜಿ, ಬಿಸಿ ಇರುವಾಗಲೇ ಎಣ್ಣೆ ಸವರಬೇಕು. ಹಳೆಯ ಸಾಮಾನಿಗೆ ಇದಕ್ಕಿಂತ ಒಳ್ಳೆಯ ಉಪಚಾರ ಇಲ್ಲ ಅಂತ ನನ್ನ ಅನಿಸಿಕೆ.

ಗಣಿಯ ಲೆಕ್ಕದಲ್ಲಿ ಕೆಂಪು ಅದಿರಿಗೂ ಕಪ್ಪು ಅದಿರಿಗೂ ಬೇರೆ ಬೇರೆ ಹೆಸರಿದೆ. ನಮ್ಮ ಬಳ್ಳಾರಿ ಕಡೆ ಸಂಡೂರಿನ ಅದಿರು ಹೆಚ್ಚಾಗಿ ಹೆಮಟೈಟ್, ಅಂದರೆ ಕೆಂಪು. ಕುದುರೆಮುಖದ್ದು ಮ್ಯಾಗ್ನಟೈಟ್, ಅದು ಕಪ್ಪು, ಅಯಸ್ಕಾಂತಕ್ಕೆ ಹತ್ತುವಂಥದ್ದು. ಶೆಡ್ಡಿನೊಳಗೆ ಬಂದರೆ ಮಾತ್ರ ಎರಡಕ್ಕೂ ತುಕ್ಕು ಅಂತಲೇ ಬರೆಯುತ್ತೇವೆ. "ತುಕ್ಕೆಲ್ಲಾ ತೆಗೆಯಿರಿ" ಅಂತ ಬರೆದರೆ ಓದಿದವರು ಗ್ರೈಂಡರ್ ಹಿಡಿದು ಬಿಳಿ ಹೊಳಪು ಬರುವ ತನಕ ಉಜ್ಜುತ್ತಾರೆ. ಕರೀ ಪದರ ಹೋಗುತ್ತದೆ. ಎರಕದಲ್ಲಿ ಮೂಡಿಸಿದ ಅಕ್ಷರಗಳೂ ಸವೆಯುತ್ತವೆ. ಬೆತ್ತಲೆ ಕಬ್ಬಿಣ ಮೊದಲ ಮಳೆಗೇ ಮತ್ತೆ ಕೆಂಪಾಗುತ್ತದೆ. ಹೀಗೆ ಕೆಟ್ಟ ಒಳ್ಳೊಳ್ಳೆ ಸಾಮಾನು ನೋಡಿ ಹೊಟ್ಟೆ ಉರಿಯುತ್ತದೆ. ಅದಕ್ಕೇ ಕೇಳುತ್ತಿದ್ದೇನೆ, ಸುಮ್ನೆ ಪದಕ್ಕಾಗಿ ಅಲ್ಲ.

ನಮ್ಮ ಸೀಮೆಯಲ್ಲಿ ತುಕ್ಕಿಗೆ ಪದಗಳ ಕೊರತೆ ಇಲ್ಲ. ಕೊಪ್ಪಳ, ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಇಲ್ಲಿ ಕೆಲಸಗಾರರ ಬಾಯಲ್ಲಿ "ಜಂಗು ಹಿಡಿದೈತಿ" ಅಂತ ಬರುತ್ತದೆ. ಉರ್ದುವಿನ ದಾರಿಯಿಂದ ಬಂದ ಫಾರಸಿ ಮಾತು ಅದು. ಬಳ್ಳಾರಿ 1953ರವರೆಗೆ ಮದ್ರಾಸಿಗೆ ಸೇರಿತ್ತು. ಆ ಕಡೆ ತೆಲುಗು ಮನೆಮಾತಿನವರು "ತುಪ್ಪು" ಅನ್ನುತ್ತಾರೆ. ಕಿಲುಬು ಅಂದರೆ ನಮ್ಮಲ್ಲಿ ತಾಮ್ರ, ಹಿತ್ತಾಳೆಯದ್ದು, ಕಬ್ಬಿಣಕ್ಕೆ ಹೇಳುವುದಿಲ್ಲ. ಆದರೆ ಜಂಗು, ತುಪ್ಪು ಎರಡೂ ಕೆಟ್ಟದ್ದನ್ನೇ ಹೇಳುತ್ತವೆ. ಉಳಿಸಬೇಕಾದ ಕಪ್ಪನ್ನು ಯಾವುದೂ ಹೇಳುವುದಿಲ್ಲ.

ಕಿಟ್ಟ ಅಂತ ಒಂದು ಮಾತಿದೆ, ಕಬ್ಬಿಣದ ಕಿಟ್ಟ. ಆದರೆ ಅದರಲ್ಲಿ ಕುಲುಮೆಯ ಕಸ ಎಂಬ ಅರ್ಥವೇ ಜಾಸ್ತಿ. ಕಸ ಅಂದ ಮೇಲೆ ಉಳಿಸಿ ಅಂತ ಹೇಗೆ ಬರೆಯುವುದು?

ನನಗೆ ಹಿಡಿಸಿರುವುದು "ಪಳಗು". ರೊಟ್ಟಿ ಹಂಚನ್ನು ಎಣ್ಣೆ ಸವರಿ ಕಾಯಿಸಿ ಪಳಗಿಸುತ್ತೇವೆ, ಅಲ್ವಾ? ಹಂಚಿನ ಮೇಲಿನ ಕಪ್ಪು ಎಣ್ಣೆ ಸುಟ್ಟು ಕೂತದ್ದು, ಸಾಮಾನಿನ ಮೇಲಿನದು ಕಬ್ಬಿಣದ್ದೇ. ಈ ವ್ಯತ್ಯಾಸ ನಿಜ. ಆದರೂ ಎರಡೂ ಕಡೆ ಕೆಲಸ ಒಂದೇ: ಕೆಂಪನ್ನು ದೂರ ಇಡುವುದು. "ಕೆಂಪು ತುಕ್ಕು ತೆಗೆಯಿರಿ, ಪಳಗಿದ ಕಪ್ಪು ಬಿಡಿ" ಅಂತ ಬರೆದರೆ ಯಾರಿಗಾದರೂ ತಿಳಿಯುತ್ತದೆ. ಹೊಸ ಪದ ಕಟ್ಟುವ ಅಗತ್ಯವೂ ಇಲ್ಲ.

ಈಗ ನಿಮ್ಮಿಂದ ಬೇಕಾದದ್ದು. ಕುಲುಮೆ ಇರುವ ಮನೆಯವರು ಯಾರಾದರೂ ಇದ್ದರೆ, ಕಾಸಿ ಬಡಿದ ಕಬ್ಬಿಣದ ಮೇಲೆ ಕೂರುವ ಕರೀ ಪದರಕ್ಕೆ ನಿಮ್ಮಲ್ಲಿ ಏನು ಅನ್ನುತ್ತೀರಿ? ಕಿಟ್ಟ ಅದಕ್ಕೂ ಸಲ್ಲುತ್ತದೆಯಾ, ಇಲ್ಲ ಕುಲುಮೆಯ ಕಸಕ್ಕೆ ಮಾತ್ರವಾ? ಸಿಂಧನೂರು, ಮಾನ್ವಿ, ಸಿರುಗುಪ್ಪ ಕಡೆಯವರು ಹೇಳಿದರೆ ಇನ್ನೂ ಒಳ್ಳೆಯದು, ಅಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಅಂಗಡಿಯಲ್ಲಿ ಕೇಳಿಸುತ್ತವೆ. ಪದದ ಜೊತೆಗೆ ಅದನ್ನು ಬಳಸುವ ಒಂದು ಪೂರ್ತಿ ವಾಕ್ಯ, ಆಡುವ ಹಾಗೆಯೇ, ಬರೆದು ಕಳಿಸಿ.