ಆಲ್ ವೀಲ್ ಡ್ರೈವ್ ಇದ್ದರೂ ವಿಂಟರ್ ಟೈರ್ ಬೇಕಾ? ರಿಮ್ ಯಾವ ಸೈಜಿನದು ತೊಗೊಳ್ಳಲಿ?

ಪ್ರಶ್ನೆ (ಬ್ರಾಂಪ್ಟನ್‌ನಿಂದ):
ನಮಸ್ಕಾರ ಅಣ್ಣ. ನಾವು ಮಾರ್ಚ್ ಕೊನೆಯಲ್ಲಿ ಬೆಂಗಳೂರಿನಿಂದ ಬಂದೆವು, ಇದು ನಮಗೆ ಕೆನಡಾದ ಮೊದಲ ಚಳಿಗಾಲ. ಮೇ ತಿಂಗಳಲ್ಲಿ ಹೊಂಡಾ ಸಿಆರ್-ವಿ ಹೈಬ್ರಿಡ್ ಟೂರಿಂಗ್ ತೊಗೊಂಡಿದ್ದೇವೆ, ಆಲ್ ವೀಲ್ ಡ್ರೈವ್, ಟೈರ್ ಮೇಲೆ 235/55ಆರ್19 ಅಂತ ಇದೆ. ಕಾರು ಕೊಂಡ ಕಡೆ ಒಬ್ಬರು "ನಾಲ್ಕೂ ಚಕ್ರಕ್ಕೆ ಪವರ್ ಬರುತ್ತೆ, ಆಲ್ ಸೀಸನ್ ಟೈರೇ ಸಾಕು" ಅಂದರು. ಆಫೀಸಿನ ಸ್ನೇಹಿತ 17 ಇಂಚಿನ ರಿಮ್ ಹಾಕಿಸು, ಅಗ್ಗ ಆಗುತ್ತೆ ಅನ್ನುತ್ತಾನೆ. ಇನ್ನೊಬ್ಬರು ಈಗಿರುವ ರಿಮ್ಮಿಗೇ ವಿಂಟರ್ ಟೈರ್ ಹಾಕಿಸಿ ಅನ್ನುತ್ತಾರೆ. ನನ್ನ ಹೆಂಡತಿಗೆ ಹ್ಯಾಮಿಲ್ಟನ್‌ನಲ್ಲಿ ಕೆಲಸ, ವಾರಕ್ಕೆ ಮೂರು ದಿನ ಬೆಳಿಗ್ಗೆ ಐದೂವರೆಗೆ ಹೊರಡಬೇಕು. ಹಿಂದಿನ ಸೀಟಿನಲ್ಲಿ ಎರಡು ಮಕ್ಕಳ ಸೀಟಿವೆ. ಮನೆ ಖರ್ಚೇ ಜಾಸ್ತಿ ಆಗಿದೆ, ಸುಮ್ನೆ ದುಡ್ಡು ಹಾಕೋಕೂ ಆಗಲ್ಲ. ಏನು ಮಾಡಲಿ?

ಉತ್ತರ:
ನಮಸ್ಕಾರ. ನಾನು ಮಿಸ್ಸಿಸಾಗಾದ ಒಂದು ಟೈರ್ ಅಂಗಡಿಯಲ್ಲಿ 14 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ, ಊರು ಅರಸೀಕೆರೆ. ನಿಮ್ಮ ಪ್ರಶ್ನೆ ಪ್ರತಿ ಅಕ್ಟೋಬರ್‌ನಲ್ಲೂ ಬರುತ್ತದೆ, ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಆಲ್ ವೀಲ್ ಡ್ರೈವ್ ವಿಷಯ. ಅದು ಗಾಡಿಯನ್ನು ನಿಂತ ಜಾಗದಿಂದ ಹೊರಡಿಸುತ್ತದೆ, ಅಷ್ಟೇ. ನಿಲ್ಲಿಸುವುದಕ್ಕೆ ಅದರಿಂದ ಏನೂ ಸಹಾಯ ಇಲ್ಲ. ಬ್ರೇಕು ಎಲ್ಲ ಕಾರಿನಲ್ಲೂ ನಾಲ್ಕು ಚಕ್ರಕ್ಕೇ ಇರುವುದು ಅಲ್ವಾ? ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಓಡಾಡಿದವರಿಗೆ ಗೊತ್ತಿರುತ್ತದೆ, ಹತ್ತುವಾಗ ಭಯ ಆಗುವುದಿಲ್ಲ, ಇಳಿಯುವಾಗಲೇ ಜೀವ ಕೈಯಲ್ಲಿರುತ್ತದೆ. ಇಲ್ಲೂ ಹಾಗೇ. ನನ್ನ ಮೊದಲ ಚಳಿಗಾಲದಲ್ಲಿ 401 ಹೆದ್ದಾರಿಯಿಂದ ಇಳಿಯುವ ರ‍್ಯಾಂಪಿನಲ್ಲಿ, ಆಲ್ ಸೀಸನ್ ಟೈರಿನ ಮೇಲೆ, ಬ್ರೇಕ್ ಒತ್ತಿದ ಮೇಲೂ ಕಾರು ನೇರ ಹೋಗಿ ಕಂಬಿಗೆ ತಾಗಿತು. ರಸ್ತೆ ಕಪ್ಪಗೇ ಇತ್ತು, ಹಿಮವೇ ಕಾಣುತ್ತಿರಲಿಲ್ಲ. ಅದನ್ನೇ ಬ್ಲ್ಯಾಕ್ ಐಸ್ ಅನ್ನುವುದು, ತೆಳ್ಳಗಿನ ಗಾಜಿನ ಪದರದ ಹಾಗೆ. ಬೆಳಿಗ್ಗೆ ಐದೂವರೆಗೆ ಹೊರಡುವವರಿಗೆ ಸಿಗುವುದು ಅದೇ, ಯಾಕೆಂದರೆ ಉಪ್ಪು ಹಾಕುವ ಲಾರಿ ಎಲ್ಲ ರಸ್ತೆಗೂ ಆ ಹೊತ್ತಿಗೆ ಬಂದಿರುವುದಿಲ್ಲ. ನಿಮ್ಮ ಮನೆಯವರ ಕೆಲಸದ ಹೊತ್ತು ನೋಡಿದರೆ ನನಗೆ ಎರಡನೇ ಮಾತೇ ಇಲ್ಲ, ವಿಂಟರ್ ಟೈರ್ ಹಾಕಿಸಿ. ನಾಲ್ಕಕ್ಕೂ ಹಾಕಿಸಿ, ಎರಡಕ್ಕೆ ಮಾತ್ರ ಬೇಡವೇ ಬೇಡ. ಮುಂದೆ ಎರಡು ಹಿಡಿದು ಹಿಂದೆ ಎರಡು ಜಾರಿದರೆ ತಿರುವಿನಲ್ಲಿ ಗಾಡಿ ಬುಗುರಿ ಥರ ತಿರುಗಿಬಿಡುತ್ತದೆ.

ಟೈರಿನಲ್ಲಿ ವ್ಯತ್ಯಾಸ ಏನು ಅಂದರೆ ರಬ್ಬರು. ಚಪಾತಿ ಹಿಟ್ಟನ್ನು ಫ್ರಿಜ್‌ನಲ್ಲಿಟ್ಟು ಮಾರನೇ ದಿನ ತೆಗೆದರೆ ಹೇಗೆ ಗಟ್ಟಿ ಆಗಿರುತ್ತೋ, ಆಲ್ ಸೀಸನ್ ಟೈರಿನ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹಾಗೆ ಬಿಗಿಯಾಗುತ್ತಾ ಹೋಗುತ್ತದೆ. ವಿಂಟರ್ ಟೈರಿನ ರಬ್ಬರು ಮೈನಸ್ ಇಪ್ಪತ್ತರಲ್ಲೂ ಮೆತ್ತಗೇ ಇರುತ್ತದೆ. ಅದರ ಮೇಲೆ ಬ್ಲೇಡಿನಲ್ಲಿ ಕೊಯ್ದ ಹಾಗೆ ಸಾವಿರಾರು ಸಣ್ಣ ಸೀಳುಗಳಿರುತ್ತವೆ. ಆ ಸೀಳಿನ ಅಂಚುಗಳೇ ಮಂಜುಗಡ್ಡೆಯನ್ನು ಕಚ್ಚಿಕೊಳ್ಳುವುದು. ಹಾಗಾಗಿ ಹಿಮ ಬಿದ್ದ ಮೇಲೆ ಹಾಕಿಸೋಣ ಅಂತ ಕಾಯಬೇಡಿ, ಬೆಳಗಿನ ಹೊತ್ತು 7 ಡಿಗ್ರಿಗಿಂತ ಕೆಳಗೆ ಬರೋಕೆ ಶುರುವಾದ ಕೂಡಲೇ ಬದಲಿಸಿ. ನಮ್ಮ ಕಡೆ ಅದು ಅಕ್ಟೋಬರ್ ಕೊನೆ, ನವೆಂಬರ್ ಮೊದಲ ವಾರ. ಮೊದಲ ಹಿಮ ಬಿದ್ದ ದಿನ ಅಂಗಡಿಗೆ ಫೋನ್ ಮಾಡಿದರೆ ಎರಡು ಮೂರು ವಾರ ಬಿಟ್ಟು ಟೈಮ್ ಕೊಡುತ್ತಾರೆ.

ಕೊಳ್ಳುವಾಗ ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಗುರುತು ಇದೆಯಾ ನೋಡಿ. ಎಂ+ಎಸ್ (ಮಡ್ ಅಂಡ್ ಸ್ನೋ, ಕೆಸರು ಮತ್ತು ಹಿಮ) ಅಂತ ಮಾತ್ರ ಬರೆದಿದ್ದರೆ ಅದು ಸಾಲದು, ಅದು ಬರೀ ಟೈರಿನ ಕಚ್ಚುಗಳ ಆಕಾರ ನೋಡಿ ಕಂಪನಿಯೇ ಹಾಕಿಕೊಳ್ಳುವ ಗುರುತು. ಬೆಟ್ಟದ ಗುರುತಿಗೆ ಹಿಮದ ಮೇಲೆ ಪರೀಕ್ಷೆ ಆಗಿರುತ್ತದೆ. ಆದರೆ ಆ ಪರೀಕ್ಷೆಯೂ ಹಿಮದ ಮೇಲೆ ಗಾಡಿ ಎಷ್ಟು ಹಿಡಿತದಿಂದ ಮುಂದಕ್ಕೆ ಹೋಗುತ್ತೆ ಅನ್ನುವುದನ್ನು ಮಾತ್ರ ಅಳೆಯುತ್ತದೆ, ಮಂಜುಗಡ್ಡೆಯ ಮೇಲಿನ ಬ್ರೇಕನ್ನು ಅಳೆಯುವುದಿಲ್ಲ. ಆದ್ದರಿಂದ ಗುರುತು ಒಂದೇ ಇದ್ದರೂ ಟೈರ್ ಎಲ್ಲ ಒಂದೇ ಅಲ್ಲ. ಐಸ್ ಮೇಲೆ ನಾನು ನಂಬುವುದು ಮಿಶೆಲಿನ್ ಎಕ್ಸ್-ಐಸ್ ಸ್ನೋ, ಬ್ರಿಡ್ಜ್‌ಸ್ಟೋನ್ ಬ್ಲಿಝಾಕ್, ನೋಕಿಯನ್ ಹಕ್ಕಪೆಲಿಟ್ಟಾ, ಕಾಂಟಿನೆಂಟಲ್ ವೈಕಿಂಗ್ ಕಾಂಟ್ಯಾಕ್ಟ್. ನೋಕಿಯನ್ ಫಿನ್‌ಲೆಂಡಿನ ಕಂಪನಿ, 1930ರ ದಶಕದಿಂದ ಹಿಮದ ಟೈರ್ ಮಾಡುತ್ತಾ ಬಂದಿದೆ. ಬಜೆಟ್ ಕಮ್ಮಿ ಇದ್ದರೆ ಜನರಲ್ ಆಲ್ಟಿಮ್ಯಾಕ್ಸ್ ಆರ್ಕ್ಟಿಕ್ ತೊಗೊಳ್ಳಿ, ಕೊಟ್ಟ ದುಡ್ಡಿಗೆ ಮೋಸ ಇಲ್ಲ.

ಈಗ ರಿಮ್. ನಿಮ್ಮ ಸ್ನೇಹಿತ ಹೇಳಿದ್ದು ಮುಕ್ಕಾಲು ಪಾಲು ಸರಿ. ಸಿಆರ್-ವಿಗೆ ಹೊಂಡಾದವರೇ ಬೇರೆ ಬೇರೆ ಮಾಡೆಲ್ಲಿನಲ್ಲಿ ಮೂರು ಸೈಜು ಕೊಟ್ಟಿದ್ದಾರೆ, 235/65ಆರ್17, 235/60ಆರ್18, 235/55ಆರ್19. ಮೊದಲ ಅಂಕಿ ಟೈರಿನ ಅಗಲ ಮಿಲಿಮೀಟರಿನಲ್ಲಿ, ನಡುವಿನದು ರಬ್ಬರಿನ ಗೋಡೆಯ ಎತ್ತರ ಆ ಅಗಲದ ಶೇಕಡ ಎಷ್ಟು ಅಂತ, ಕೊನೆಯದು ರಿಮ್ ಎಷ್ಟು ಇಂಚು ಅಂತ. ಲೆಕ್ಕ ಹಾಕಿ ನೋಡಿ, ಮೂರರ ಹೊರಗಿನ ಎತ್ತರ ಸುಮಾರು 737, 739, 741 ಮಿಲಿಮೀಟರ್. ಅಂದರೆ ಹೆಚ್ಚೂಕಮ್ಮಿ ಒಂದೇ, ಸ್ಪೀಡೋಮೀಟರ್ ತಪ್ಪು ತೋರಿಸುವುದಿಲ್ಲ. ಬದಲಾಗುವುದು ರಿಮ್ಮಿಗೂ ರಸ್ತೆಗೂ ನಡುವೆ ಇರುವ ರಬ್ಬರಿನ ಗೋಡೆ. 19ರಲ್ಲಿ ಅದು 129 ಮಿಲಿಮೀಟರ್, 18ರಲ್ಲಿ 141, 17ರಲ್ಲಿ 153. ಫೆಬ್ರವರಿ, ಮಾರ್ಚ್‌ನಲ್ಲಿ ಇಲ್ಲಿನ ರಸ್ತೆಯಲ್ಲಿ ಬೀಳುವ ಗುಂಡಿ ನೀವು ಇನ್ನೂ ನೋಡಿಲ್ಲ. ಆಗ ಈ ಗೋಡೆಯ ಒಂದೊಂದು ಮಿಲಿಮೀಟರೂ ರಿಮ್ ಉಳಿಸುತ್ತದೆ. ಚಿಕ್ಕ ಸೈಜಿನ ಟೈರಿಗೆ ಬೆಲೆಯೂ ಕಮ್ಮಿ.

ಆದರೆ ನಿಮ್ಮದು 19ರ ಜೊತೆ ಬಂದ ಹೈಬ್ರಿಡ್. 17ರ ಎಲ್ಲ ರಿಮ್ಮೂ ಬ್ರೇಕ್ ಕ್ಯಾಲಿಪರಿಗೆ (ಚಕ್ರದೊಳಗೆ ಬ್ರೇಕ್ ಡಿಸ್ಕನ್ನು ಹಿಡಿಯುವ ಭಾಗ) ತಾಗದೆ ಕೂರುತ್ತೆ ಅಂತ ಕಣ್ಣಿಂದ ನೋಡದೆ ನಾನು ಹೇಳುವುದಿಲ್ಲ, ಒಳಗಿನ ಆಕಾರ ಒಂದೊಂದು ರಿಮ್ಮಿನಲ್ಲಿ ಒಂದೊಂದು ಥರ ಇರುತ್ತದೆ. ಅಂಗಡಿಯಲ್ಲಿ ಟೈರ್ ಏರಿಸುವ ಮುಂಚೆ ಬರೀ ರಿಮ್ಮನ್ನು ಮುಂದಿನ ಚಕ್ರದ ಜಾಗಕ್ಕೆ ಕೂರಿಸಿ ಕೈಯಲ್ಲಿ ತಿರುಗಿಸಿ ತೋರಿಸಿ ಅಂತ ಕೇಳಿ. ಐದು ನಿಮಿಷದ ಕೆಲಸ. ಅವರು ಮಾಡಲ್ಲ ಅಂದರೆ 18ಕ್ಕೆ ಹೋಗಿ. ನನ್ನನ್ನು ಕೇಳಿದರೆ ನಿಮಗೆ 18 ಇಂಚೇ ಸರಿ.

ಈಗಿರುವ 19ರ ರಿಮ್ಮಿಗೇ ವಿಂಟರ್ ಟೈರ್ ಹಾಕಿಸುವುದು ಬೇಡ. ಹಾಗೆ ಮಾಡಿದರೆ ವರ್ಷಕ್ಕೆ ಎರಡು ಸಲ ಟೈರನ್ನು ರಿಮ್ಮಿನಿಂದ ಕಿತ್ತು ಮತ್ತೆ ಏರಿಸಿ ಬ್ಯಾಲೆನ್ಸ್ ಮಾಡಬೇಕು, ಅದಕ್ಕೆ ಕೂಲಿ ಜಾಸ್ತಿ, ಟೈರಿನ ಅಂಚಿಗೂ ಪೆಟ್ಟು. ಬೇರೆ ರಿಮ್ ಇದ್ದರೆ ನಟ್ಟು ಬಿಚ್ಚಿ ಹಾಕಿದರೆ ಆಯಿತು. ಕೂಲಿ ಉಳಿಯುವುದರಲ್ಲೇ ಮೂರು ನಾಲ್ಕು ವರ್ಷಕ್ಕೆ ರಿಮ್ಮಿನ ದುಡ್ಡು ಬರುತ್ತದೆ. ಜೊತೆಗೆ ನಿಮ್ಮ ಒಳ್ಳೆಯ ಅಲಾಯ್ ಉಪ್ಪು ತಿನ್ನುವುದೂ ತಪ್ಪುತ್ತದೆ. ಸ್ಟೀಲ್ ರಿಮ್ ಆದರೂ ಪರವಾಗಿಲ್ಲ. ತೂಕ ಜಾಸ್ತಿ, ತುಕ್ಕು ಹಿಡಿಯುತ್ತೆ, ನೋಡೋಕೆ ಚೆನ್ನಾಗಿಲ್ಲ, ಆದರೆ ಗುಂಡಿಗೆ ಬಿದ್ದರೆ ಸೀಳುವ ಬದಲು ಬಾಗುತ್ತದೆ. 18ರಲ್ಲಿ ಸ್ಟೀಲ್ ಸಿಗುವುದು ಕಷ್ಟ, ಸಾದಾ ಅಲಾಯ್ ನೋಡಿ. ರಿಮ್ಮಿನಲ್ಲಿ ಉಳಿಸಿ, ಟೈರಿನಲ್ಲಿ ಉಳಿಸಬೇಡಿ.

ಇನ್ನು ರಿಮ್ ಕೊಳ್ಳುವಾಗ ಮೂರು ವಿಷಯ ಹೊಂದಬೇಕು. ಬೋಲ್ಟ್ ಅಳತೆ 5x114.3, ಅಂದರೆ 114.3 ಮಿಲಿಮೀಟರ್ ವೃತ್ತದ ಮೇಲೆ ಐದು ಬೋಲ್ಟ್. ನಡುವಿನ ತೂತು 64.1 ಮಿಲಿಮೀಟರ್, ಅದಕ್ಕಿಂತ ದೊಡ್ಡದಿದ್ದರೆ ಆ ಸಂದು ತುಂಬುವ ಹಬ್ ರಿಂಗ್ ಹಾಕಲೇಬೇಕು, ಇಲ್ಲದಿದ್ದರೆ ಹೆದ್ದಾರಿಯಲ್ಲಿ ಸ್ಟೀರಿಂಗ್ ನಡುಗುತ್ತದೆ. ಮೂರನೆಯದು ನಟ್ಟು, ಇದನ್ನು ಮರೆಯುವವರೇ ಜಾಸ್ತಿ. ಹೊಂಡಾದ ಮೂಲ ರಿಮ್ಮಿನ ನಟ್ಟು ಗೋಲಿಯ ಹಾಗೆ ದುಂಡಗೆ ಕೂರುತ್ತದೆ, ಹೊರಗಿನ ರಿಮ್ಮುಗಳಿಗೆ ಹೆಚ್ಚಾಗಿ ಕೋನ್ ಆಕಾರದ ನಟ್ಟು ಬೇಕು. ಹಳೇ ನಟ್ಟೇ ಹಾಕಿದರೆ ಬಿಗಿಯಾದ ಹಾಗೆ ಕಾಣುತ್ತದೆ, ಓಡುತ್ತಾ ಓಡುತ್ತಾ ಸಡಿಲ ಆಗುತ್ತದೆ. ಹಾಕಿಸಿದ ಮೇಲೆ 80, 100 ಕಿಲೋಮೀಟರ್ ಓಡಿಸಿ ಮತ್ತೆ ಟಾರ್ಕ್ ರೆಂಚಿನಲ್ಲಿ (ಎಷ್ಟು ಬಿಗಿ ಅಂತ ಅಳೆಯುವ ಪಾನಾ) ಬಿಗಿ ನೋಡಿಸಿ. ದಯವಿಟ್ಟು ಇದನ್ನು ಬಿಡಬೇಡಿ, ಹೆದ್ದಾರಿಯಲ್ಲಿ ಕಳಚಿ ಹೋದ ಚಕ್ರ ಎದುರಿನ ಗಾಡಿಗೆ ಹೊಡೆಯುತ್ತದೆ.

ಬಿಲ್ ಇಟ್ಟುಕೊಳ್ಳಿ. ಒಂಟಾರಿಯೊದಲ್ಲಿ ವಿಂಟರ್ ಟೈರ್ ಕಡ್ಡಾಯ ಅಲ್ಲ, ಆದರೆ ಹಾಕಿಸಿದವರಿಗೆ ಇನ್ಶೂರೆನ್ಸ್ ಕಂಪನಿ ರಿಯಾಯಿತಿ ಕೊಡಲೇಬೇಕು ಅಂತ 2016ರಿಂದ ನಿಯಮ ಇದೆ. ನೀವು ಕೇಳದಿದ್ದರೆ ಅವರಾಗಿ ಕೊಡುವುದಿಲ್ಲ.

ಪ್ರಶ್ನೆ (ಒಟ್ಟಾವಾದಿಂದ):
ಸರ್, ನಮ್ಮದು 2021ರ ಟೊಯೋಟಾ ರಾವ್4. ದಿನಾ ಸೇತುವೆ ದಾಟಿ ಗಾಟಿನೋಗೆ ಹೋಗುತ್ತೇನೆ, ಅದು ಕ್ವಿಬೆಕ್. ನನಗೆ ಕಡ್ಡಾಯನಾ? ಇನ್ನೊಂದು, ಹೋದ ವರ್ಷ ವಿಂಟರ್ ಚಕ್ರ ಹಾಕಿಸಿದಾಗಿನಿಂದ ಏಪ್ರಿಲ್‌ವರೆಗೂ ಗಾಳಿಯ ಹಳದಿ ದೀಪ ಆರಲೇ ಇಲ್ಲ. ಗಾಳಿ ಸರಿಯಾಗೇ ಇತ್ತು.

ಉತ್ತರ:
ಮೇಡಂ, ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಕಡ್ಡಾಯ, ಆದರೆ ಅಲ್ಲಿ ರಿಜಿಸ್ಟರ್ ಆದ ಗಾಡಿಗೆ. ನಿಮ್ಮದು ಒಂಟಾರಿಯೊ ಪ್ಲೇಟ್ ಆದರೆ ದಂಡ ಇಲ್ಲ. ಆದರೂ ಹಾಕಿಸಿದ್ದು ಒಳ್ಳೇದೇ ಮಾಡಿದ್ದೀರಿ, ಆ ಕಡೆಯ ಚಳಿ ನಮಗಿಂತ ಗಟ್ಟಿ.

ದೀಪದ ವಿಷಯ. ರಾವ್4ನಲ್ಲಿ ಪ್ರತಿ ಚಕ್ರದೊಳಗೂ ಒಂದು ಸೆನ್ಸರ್ ಇರುತ್ತದೆ. ಹೊಸ ರಿಮ್ಮಿನಲ್ಲಿ ಸೆನ್ಸರ್ ಹಾಕಿಲ್ಲ, ಅದಕ್ಕೇ ಕಾರು ಹುಡುಕುತ್ತಾ ಇದೆ. ಕೆಟ್ಟಿದ್ದೇನೂ ಅಲ್ಲ. ಆದರೆ ದೀಪ ಯಾವಾಗಲೂ ಉರಿಯುತ್ತಿದ್ದರೆ ನಿಜವಾಗಿ ಗಾಳಿ ಇಳಿದ ದಿನ ನಿಮಗೆ ಗೊತ್ತಾಗುವುದೇ ಇಲ್ಲ. ಇನ್ನೊಂದು ಸೆಟ್ ಸೆನ್ಸರ್ ಹಾಕಿಸಿ, ಹಳೆಯದರ ನಂಬರ್ ಕಾಪಿ ಮಾಡಿ ಕೊಡಿ ಅಂತ ಹೇಳಿದರೆ ಪ್ರತಿ ಸಲ ಪ್ರೋಗ್ರಾಮ್ ಮಾಡಿಸುವ ತಾಪತ್ರಯವೂ ಇರುವುದಿಲ್ಲ. ಮೇಲೆ ಕೇಳಿದ ಸಿಆರ್-ವಿಯವರಿಗೆ ಈ ಖರ್ಚಿಲ್ಲ. ಆ ಕಾರು ಚಕ್ರ ತಿರುಗುವ ವೇಗ ನೋಡಿಯೇ ಗಾಳಿ ಇಳಿದಿದ್ದು ಕಂಡುಹಿಡಿಯುತ್ತದೆ, ಚಕ್ರ ಬದಲಿಸಿದ ಮೇಲೆ ಸ್ಕ್ರೀನಿನಲ್ಲಿ ಕ್ಯಾಲಿಬ್ರೇಟ್ ಒತ್ತಿದರೆ ಸಾಕು. ಮತ್ತೆ ಎಲ್ಲರಿಗೂ ಹೇಳುವುದು, ತಾಪಮಾನ ಐದಾರು ಡಿಗ್ರಿ ಇಳಿದರೆ ಟೈರಿನಲ್ಲಿ ಸುಮಾರು 1 ಪಿಎಸ್‌ಐ ಇಳಿಯುತ್ತದೆ. ತಿಂಗಳಿಗೊಮ್ಮೆ, ಗಾಡಿ ಓಡಿಸುವ ಮುಂಚೆ, ಡ್ರೈವರ್ ಬಾಗಿಲಿನ ಸ್ಟಿಕ್ಕರ್ ನೋಡಿ ಗಾಳಿ ಸರಿ ಮಾಡಿ.

ಪ್ರಶ್ನೆ (ಕಿಚನರ್‌ನಿಂದ):
ಅಣ್ಣ, ಹಳೇ ಸೆಟ್ ಒಂದು ಅರ್ಧ ಬೆಲೆಗೆ ಸಿಗುತ್ತಿದೆ, ರಿಮ್ ಸಮೇತ. ಮಾರುವವರು ಎರಡೇ ಚಳಿಗಾಲ ಓಡಿದೆ ಅನ್ನುತ್ತಾರೆ. ತೊಗೊಳ್ಳಲಾ?

ಉತ್ತರ:
ಟೈರಿನ ಪಕ್ಕದಲ್ಲಿ ಡಾಟ್ (DOT) ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಫೋಟೋ ಕಳಿಸಿ ಅಂತ ಕೇಳಿ. 2318 ಅಂತ ಇದ್ದರೆ 2018ರ 23ನೇ ವಾರ ಮಾಡಿದ್ದು. ಎರಡೇ ಚಳಿಗಾಲ ಓಡಿರಬಹುದು, ಆದರೆ ವಯಸ್ಸಾದ ರಬ್ಬರು ಗಟ್ಟಿಯಾಗುತ್ತದೆ, ಆಮೇಲೆ ಅದು ವಿಂಟರ್ ಟೈರೇ ಅಲ್ಲ. ನಾನು ಆರು ವರ್ಷ ದಾಟಿದ್ದನ್ನು ಯಾರಿಗೂ ಕೊಳ್ಳಿ ಅನ್ನುವುದಿಲ್ಲ. ಟ್ರೆಡ್, ಅಂದರೆ ಟೈರಿನ ಕಚ್ಚುಗಳ, ಆಳ ಅಳೆಯುವ ಗೇಜ್ ಸಿಗುತ್ತದೆ, ಕೆಲವೇ ಡಾಲರ್, ತೊಗೊಂಡು ಹೋಗಿ. 4 ಮಿಲಿಮೀಟರ್‌ಗಿಂತ ಕಮ್ಮಿ ಆದ ಟೈರ್ ಹಿಮಕ್ಕೆ ಪ್ರಯೋಜನ ಇಲ್ಲ, 6ಕ್ಕಿಂತ ಜಾಸ್ತಿ ಇದ್ದರೆ ಮಾತಾಡಿ. ನಾಲ್ಕನ್ನೂ ಅಳೆಯಿರಿ, ಒಂದೇ ನೋಡಿ ಬರಬೇಡಿ. ಟೈರಿನ ಮೇಲಿರುವ ಲೋಡ್ ನಂಬರ್ ನಿಮ್ಮ ಬಾಗಿಲಿನ ಸ್ಟಿಕ್ಕರಿಗಿಂತ ಕಮ್ಮಿ ಇರಬಾರದು, ಮಕ್ಕಳು, ಲಗೇಜು, ಎಲ್ಲ ತುಂಬಿಕೊಂಡು ಹೋಗುವ ಗಾಡಿ ಅದು.

ಪ್ರಶ್ನೆ (ಸರ‍್ರೆ, ಬ್ರಿಟಿಷ್ ಕೊಲಂಬಿಯಾದಿಂದ):
ನಮ್ಮ ಕಡೆ ಹಿಮ ವರ್ಷಕ್ಕೆ ನಾಲ್ಕು ದಿನ. ಅಪಾರ್ಟ್‌ಮೆಂಟಿನಲ್ಲಿ ಇನ್ನೊಂದು ಸೆಟ್ ಇಡಲು ಜಾಗವೂ ಇಲ್ಲ. ಆಲ್ ವೆದರ್ ಟೈರ್ ಸಾಕಾ? ಕ್ಯಾಮ್‌ಲೂಪ್ಸ್‌ನಲ್ಲಿ ಅಕ್ಕನ ಮನೆ ಇದೆ, ಕ್ರಿಸ್‌ಮಸ್ ರಜೆಗೆ ಒಮ್ಮೆ ಹೋಗುತ್ತೇವೆ.

ಉತ್ತರ:
ನಿಮಗೆ ಆಲ್ ವೆದರ್ ಒಪ್ಪುತ್ತದೆ. ಆಲ್ ಸೀಸನ್ ಬೇರೆ, ಆಲ್ ವೆದರ್ ಬೇರೆ, ಅಂಗಡಿಯಲ್ಲಿ ಹೆಸರು ಸರಿಯಾಗಿ ಹೇಳಿ. ಮಿಶೆಲಿನ್ ಕ್ರಾಸ್‌ಕ್ಲೈಮೇಟ್ 2, ಟೋಯೋ ಸೆಲ್ಸಿಯಸ್, ಇಂಥವಕ್ಕೆ ಬೆಟ್ಟದ ಗುರುತು ಇರುತ್ತದೆ, ವರ್ಷಪೂರ್ತಿ ಓಡಿಸಬಹುದು. ಐಸ್ ಮೇಲೆ ಮಾತ್ರ ನಿಜವಾದ ವಿಂಟರ್ ಟೈರಿನಷ್ಟು ಹಿಡಿಯುವುದಿಲ್ಲ. ಕ್ಯಾಮ್‌ಲೂಪ್ಸ್‌ಗೆ ಹೋಗುವ ಕೋಕಿಹಾಲಾ ಹೆದ್ದಾರಿಯಲ್ಲಿ ಅಕ್ಟೋಬರ್ 1ರಿಂದ ಏಪ್ರಿಲ್ 30ರವರೆಗೆ ವಿಂಟರ್ ಟೈರ್ ಬೇಕು ಅಂತ ಬೋರ್ಡ್ ಇರುತ್ತದೆ. ಕಾನೂನಿಗೆ ಎಂ+ಎಸ್ ಗುರುತು, 3.5 ಮಿಲಿಮೀಟರ್ ಟ್ರೆಡ್ ಇದ್ದರೂ ನಡೆಯುತ್ತದೆ, ಆದರೆ ಆ ಘಾಟಿಗೆ ಅಷ್ಟನ್ನೇ ನಂಬಿ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ. ಹೊರಡುವ ಹಿಂದಿನ ದಿನ ಹವಾಮಾನ ನೋಡಿ, ಹಿಮ ಜೋರಿದ್ದರೆ ಒಂದು ದಿನ ತಡವಾಗಿ ಹೋಗಿ, ಅಕ್ಕ ಏನೂ ಅಂದುಕೊಳ್ಳುವುದಿಲ್ಲ. ಪ್ರತಿ ತಿಂಗಳೂ ಹೋಗುವ ಹಾಗಾದರೆ ಆಗ ವಿಂಟರ್ ಸೆಟ್ಟೇ ತೊಗೊಳ್ಳಿ. ಕೆಲವು ಟೈರ್ ಅಂಗಡಿಗಳು ಬಾಡಿಗೆಗೆ ಇಟ್ಟುಕೊಳ್ಳುತ್ತವೆ, ಜಾಗದ ಚಿಂತೆ ಬೇಡ.

ಪ್ರಶ್ನೆ (ಮತ್ತೆ ಬ್ರಾಂಪ್ಟನ್‌ನಿಂದ, ಎರಡು ವಾರದ ಮೇಲೆ):
ಅಣ್ಣ, 18 ಇಂಚಿನ ಅಲಾಯ್, ಎಕ್ಸ್-ಐಸ್ ಸ್ನೋ ಹಾಕಿಸಿದೆ. ತುಂಬಾ ಥ್ಯಾಂಕ್ಸ್. ಮನೆಗೆ ಬಂದು ನೋಡಿದರೆ ಟೈರಿನ ಪಕ್ಕ ಬಾಣದ ಗುರುತು ಇದೆ, ಮೂರು ಚಕ್ರದ್ದು ಮೇಲ್ಭಾಗದಲ್ಲಿ ಮುಂದಕ್ಕೆ ತೋರಿಸುತ್ತೆ, ಹಿಂದಿನ ಬಲಗಡೆಯದು ಹಿಂದಕ್ಕೆ. ಏನಾದರೂ ತೊಂದರೆನಾ?

ಉತ್ತರ:
ಒಳ್ಳೆಯದಾಯಿತು ನೋಡಿದ್ದು. ಅದು ಚಕ್ರ ತಿರುಗುವ ದಿಕ್ಕು, ನಾಲ್ಕೂ ಮುಂದಕ್ಕೇ ಇರಬೇಕು. ಉಲ್ಟಾ ಇದ್ದರೆ ಕರಗಿದ ಹಿಮದ ನೀರನ್ನು ಹೊರಗೆ ತಳ್ಳುವ ಬದಲು ಒಳಗೆ ಎಳೆದುಕೊಳ್ಳುತ್ತದೆ. ಎರಡು ಚಕ್ರ ಅದಲು ಬದಲಾಗಿದ್ದರೆ ಎಡಕ್ಕೂ ಬಲಕ್ಕೂ ಬದಲಿಸಿ ಸರಿ ಮಾಡಬಹುದಿತ್ತು, ಒಂದೇ ಉಲ್ಟಾ ಇದೆ ಅಂದರೆ ಆ ಟೈರನ್ನು ರಿಮ್ಮಿಗೆ ತಿರುಗಾಮುರುಗಾ ಏರಿಸಿದ್ದಾರೆ. ಬಿಚ್ಚಿ ಮತ್ತೆ ಏರಿಸಿ ಬ್ಯಾಲೆನ್ಸ್ ಮಾಡಬೇಕು. ಅಂಗಡಿಯ ತಪ್ಪು ಅದು, ದುಡ್ಡು ಕೊಡಬೇಡಿ. ನಾಳೆಯೇ ಹೋಗಿ, ಹೇಗೂ 100 ಕಿಲೋಮೀಟರ್ ಆಗಿರುತ್ತದೆ, ನಾಲ್ಕೂ ಚಕ್ರದ ನಟ್ಟು ಅಲ್ಲೇ ಬಿಗಿ ನೋಡಿಸಿಕೊಂಡು ಬನ್ನಿ.