ಲ್ಯಾಪ್‌ಟಾಪ್‌ನಲ್ಲಿ ಸರಿ, ತೋಟದಲ್ಲಿ ತಪ್ಪು: ಎರಡು ಬೋರ್ಡುಗಳ ನಡುವಿನ ಸೀರಿಯಲ್ ಸಂಪರ್ಕ

ಪ್ರಶ್ನೆ (ಮೂಡಿಗೆರೆ): ನಮಸ್ಕಾರ ಸರ್. ನಮ್ಮ ಕಾಫಿ ತೋಟದ ಪಂಪ್‌ಹೌಸ್‌ನಲ್ಲಿ ತೊಟ್ಟಿಯ ನೀರಿನ ಮಟ್ಟ ಅಳೆಯುವ ಆರ್ಡುಯಿನೊ ಉನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಇದೆ. ಅದರ 11ನೇ ಪಿನ್ನಿನಿಂದ ಪಕ್ಕದಲ್ಲಿರುವ, ವೈ-ಫೈ ಉಳ್ಳ ಇಎಸ್‌ಪಿ-32 ಬೋರ್ಡಿನ ಆರ್‌ಎಕ್ಸ್ (ಮಾಹಿತಿ ಪಡೆಯುವ) ಪಿನ್ನಿಗೆ ಒಂದೇ ತಂತಿ ಎಳೆದು, ಸಾಫ್ಟ್‌ವೇರ್ ಸೀರಿಯಲ್ (ಸಾಮಾನ್ಯ ಪಿನ್ನಿನಿಂದ ಬಿಟ್‌ಗಳನ್ನು ಒಂದರ ಹಿಂದೊಂದು ಕಳುಹಿಸುವ ಲೈಬ್ರರಿ) ಮೂಲಕ 9600 ಬಾಡ್‌ನಲ್ಲಿ (ಸೆಕೆಂಡಿಗೆ 9600 ಬಿಟ್) ಅಂಕಿಗಳನ್ನು ಕಳುಹಿಸುತ್ತಿದ್ದೇನೆ. ಎರಡನ್ನೂ ಒಂದೇ ಲ್ಯಾಪ್‌ಟಾಪ್‌ಗೆ ಜೋಡಿಸಿದಾಗ ಎಲ್ಲವೂ ಸರಿಯಾಗಿ ಬರುತ್ತದೆ. ಬೇರೆ ಬೇರೆ ಚಾರ್ಜರ್ ಹಾಕಿದರೆ ಮೊಬೈಲ್‌ನಲ್ಲಿ ಅರ್ಥವಿಲ್ಲದ ಅಕ್ಷರಗಳು ಕಾಣುತ್ತವೆ. ಬಾಡ್ ದರವನ್ನು 4800ಕ್ಕೆ ಇಳಿಸಿದರೂ ಪ್ರಯೋಜನವಾಗಲಿಲ್ಲ.

ಉತ್ತರ: ಬಾಡ್ ದರವನ್ನು ಮುಟ್ಟಬೇಡಿ. ಅದರಲ್ಲಿ ದೋಷವಿದ್ದಿದ್ದರೆ ಲ್ಯಾಪ್‌ಟಾಪ್‌ಗೆ ಜೋಡಿಸಿದಾಗಲೂ ಅಕ್ಷರಗಳು ಕೆಡಬೇಕಿತ್ತು. ತಂತಿಯಲ್ಲಿ ಬಂದದ್ದು 0 ಅಥವಾ 1 ಎಂಬುದನ್ನು ಇಎಸ್‌ಪಿ ತನ್ನ ಗ್ರೌಂಡ್‌ಗೆ (ಸೊನ್ನೆ ವೋಲ್ಟ್ ಎಂದು ಹಿಡಿಯುವ ಪಿನ್ನಿಗೆ) ಹೋಲಿಸಿಯೇ ನಿರ್ಧರಿಸುತ್ತದೆ. ಲ್ಯಾಪ್‌ಟಾಪ್ ಇದ್ದಾಗ ಅದರ ಎರಡು ಯುಎಸ್‌ಬಿ ಕೇಬಲ್‌ಗಳೇ ನಿಮಗೆ ತಿಳಿಯದಂತೆ ಎರಡೂ ಗ್ರೌಂಡ್‌ಗಳನ್ನು ಕೂಡಿಸುತ್ತಿದ್ದವು, ಪ್ರತ್ಯೇಕ ಚಾರ್ಜರ್ ಬಂದ ಕೂಡಲೇ ಆ ಕೊಂಡಿ ತಪ್ಪಿತು. ಆದ್ದರಿಂದ ಗ್ರೌಂಡ್‌ನಿಂದ ಗ್ರೌಂಡ್‌ಗೆ ಇನ್ನೊಂದು ತಂತಿ ಹಾಕಿ. 5 ವೋಲ್ಟ್ ಪಿನ್ನುಗಳನ್ನು ಮಾತ್ರ ಒಂದಕ್ಕೊಂದು ಜೋಡಿಸಬೇಡಿ.

ಇದಕ್ಕಿಂತ ಹೆಚ್ಚು ಚಿಂತೆಯ ವಿಷಯ ಮತ್ತೊಂದಿದೆ. ಉನೊ 5 ವೋಲ್ಟ್ ಹೊರಹಾಕುತ್ತದೆ, ಇಎಸ್‌ಪಿ-32ರ ಪಿನ್ನುಗಳು 3.3 ವೋಲ್ಟ್‌ನವು, ಇಷ್ಟು ದಿನ ಸುಡದೆ ಉಳಿದಿದೆ ಎಂಬುದು ಧೈರ್ಯಕ್ಕೆ ಆಧಾರವಲ್ಲ. ಉನೊದ ತಂತಿಯನ್ನು 1 ಕಿಲೋ ಓಮ್ ರೆಸಿಸ್ಟರ್ ಮೂಲಕ ಆರ್‌ಎಕ್ಸ್‌ಗೆ ತಂದು, ಆರ್‌ಎಕ್ಸ್‌ನಿಂದ ಗ್ರೌಂಡ್‌ಗೆ 2 ಕಿಲೋ ಓಮ್ ಹಾಕಿದರೆ ಅಲ್ಲಿ ಸುಮಾರು 3.3 ವೋಲ್ಟ್ ಉಳಿಯುತ್ತದೆ. ಮಾಹಿತಿ ಹರಿಯದಿರುವಾಗ ಮಲ್ಟಿಮೀಟರ್‌ನ ಕಪ್ಪು ಕಡ್ಡಿಯನ್ನು ಇಎಸ್‌ಪಿಯ ಗ್ರೌಂಡ್‌ಗೂ ಕೆಂಪು ಕಡ್ಡಿಯನ್ನು ಆರ್‌ಎಕ್ಸ್‌ಗೂ ಹಿಡಿದು ನೋಡಿ: ಸೀರಿಯಲ್ ತಂತಿ ಸುಮ್ಮನಿರುವಾಗ ಮೇಲಿನ ಮಟ್ಟದಲ್ಲೇ ಇರಬೇಕು. ಸೊನ್ನೆ ತೋರಿದರೆ ತಂತಿ ತಪ್ಪು ಪಿನ್ನಿನಲ್ಲಿದೆ, ಇಲ್ಲವೇ ಎಲ್ಲೋ ಬಿಟ್ಟುಹೋಗಿದೆ.

ಮರುಪ್ರಶ್ನೆ: ಧನ್ಯವಾದ ಸರ್, ಅಂಕಿಗಳು ಸರಿಯಾಗಿವೆ. ಆದರೆ ಮೋಟಾರ್ ಚಾಲೂ ಆಗುವಾಗ ಒಂದೆರಡು ಸಾಲು ಕೆಡುತ್ತವೆ. ಇಎಸ್‌ಪಿಯನ್ನು ಅಲ್ಲಿಂದ ಸುಮಾರು 60 ಮೀಟರ್ ದೂರದ ಮನೆಗೆ ಒಯ್ಯಬಹುದೇ? 115200 ಬಾಡ್ ಇಡಿ ಎಂದು ಗೆಳೆಯರೊಬ್ಬರು ಹೇಳಿದರು.

ಉತ್ತರ: ಉನೊದ ಸಾಫ್ಟ್‌ವೇರ್ ಸೀರಿಯಲ್ ಆ ವೇಗವನ್ನು ನಂಬುವಂತೆ ನಿಭಾಯಿಸುವುದಿಲ್ಲ, ತೊಟ್ಟಿಯ ಮಟ್ಟಕ್ಕೆ ಆ ಅವಸರವೂ ಬೇಕಿಲ್ಲ. ಈ ತಂತಿಯನ್ನೇ 60 ಮೀಟರ್ ಎಳೆಯಬೇಡಿ, ಎರಡು ತಂತಿಗಳ ನಡುವಿನ ವೋಲ್ಟೇಜ್ ವ್ಯತ್ಯಾಸದಿಂದ ದೂರಕ್ಕೆ ಸಂಕೇತ ಕಳುಹಿಸುವ ಆರ್‌ಎಸ್-485 ಪದ್ಧತಿ ಬಳಸಿ. ಉನೊ ಬದಿಗೆ ಅದರ ಚಿಪ್ ಮ್ಯಾಕ್ಸ್485, ಇಎಸ್‌ಪಿ ಬದಿಗೆ 3.3 ವೋಲ್ಟ್‌ನ ಮ್ಯಾಕ್ಸ್3485 ಹಾಕಿ, ನಡುವೆ ಹೆಣೆದ ಜೋಡಿ ತಂತಿಯನ್ನು ಮೋಟಾರ್ ಕೇಬಲ್‌ನಿಂದ ದೂರವಿರಿಸಿ ಎಳೆದು, ಎರಡೂ ತುದಿಯಲ್ಲಿ ಆ ಜೋಡಿ ತಂತಿಗಳ ನಡುವೆ 120 ಓಮ್ ರೆಸಿಸ್ಟರ್ ಜೋಡಿಸಿ. ಪ್ರತಿ ಸಾಲಿನ ಕೊನೆಗೆ ಒಂದು ಚೆಕ್‌ಸಮ್ (ಸಾಲು ಕೆಡದೆ ಬಂತೇ ಎಂದು ತಾಳೆ ನೋಡುವ ಅಂಕಿ) ಸೇರಿಸಿ, ತಾಳೆಯಾಗದ ಸಾಲನ್ನು ಇಎಸ್‌ಪಿಯೇ ಕೈಬಿಡುವಂತೆ ಬರೆಯಿರಿ.