ಡೆಕಾಲ್ ಸುತ್ತ ಬೆಳ್ಳಿ ಹೊಳಪು, ಇನ್ನೊಂದು ನೀರಲ್ಲೇ ಚೂರು: ಸರಿಪಡಿಸೋದು ಹೇಗೆ?

ರೆಕ್ಕೆಪುಕ್ಕ:
1/72 ಅಳತೆಯ ಮಾಡೆಲ್ ಯುದ್ಧವಿಮಾನ, ಸ್ಪಿಟ್‌ಫೈರ್. ತಮಿಯಾ ಎಕ್ಸ್‌ಎಫ್ ಮ್ಯಾಟ್ (ಹೊಳಪಿಲ್ಲದ) ಅಕ್ರಿಲಿಕ್ ಬಣ್ಣದ ಮೇಲೆ ನೇರವಾಗಿ ಡೆಕಾಲ್ (ನೀರಲ್ಲಿ ನೆನೆಸಿ ಅಂಟಿಸೋ ತೆಳು ಫಿಲ್ಮಿನ ಚಿತ್ರ) ಕೂರಿಸಿದೆ. ಒದ್ದೆ ಇದ್ದಾಗ ಚೆನ್ನಾಗಿತ್ತು, ಒಣಗಿದ ಮೇಲೆ ಸಣ್ಣ ಅಕ್ಷರಗಳ ಸುತ್ತ ಬೆಳ್ಳಗೆ ಮಿನುಗ್ತಿದೆ. ರೆಕ್ಕೆಯ ರೌಂಡಲ್ (ದುಂಡನೆಯ ವಾಯುಪಡೆ ಗುರುತು) ಪ್ಯಾನೆಲ್ ಗೆರೆಗೆ (ತಗಡುಗಳ ಸಂದು ತೋರಿಸೋ ಗೀರು) ಇಳಿದಿಲ್ಲ, ಮೇಲೇ ಬಿಗಿಯಾಗಿ ನಿಂತಿದೆ. ಬಾಲದ ಕೆಂಪು-ಬಿಳಿ-ನೀಲಿ ಪಟ್ಟಿ ನೀರಲ್ಲೇ ಮೂರು ತುಂಡಾಯ್ತು, ಶೀಟ್ ಹಳೇದು. ಡೆಕಾಲ್ ಕೂರಿಸೋ ದ್ರವ ಮೈಕ್ರೋ ಸೆಟ್, ಅದನ್ನು ಮೆದುಗೊಳಿಸೋ ದ್ರವ ಮೈಕ್ರೋ ಸಾಲ್ ಇವೆ. ವಾರ್ನಿಶ್ ಇನ್ನೂ ಹೊಡೆದಿಲ್ಲ. ಎಲ್ಲ ಕಿತ್ತು ಹಾಕಬೇಕಾ?

ಸೂಜಿಮೊನೆ:
ಕೀಳಬೇಡಿ. ವಾರ್ನಿಶ್ ಹೊಡೆಯದೇ ಇದ್ದದ್ದು ಒಳ್ಳೇದಾಯ್ತು, ಹೊಡೆದಿದ್ದರೆ ಸಾಲ್ ಒಳಗೆ ಇಳಿಯೋದೇ ಕಷ್ಟ.

ಮ್ಯಾಟ್ ಬಣ್ಣ ಹತ್ತಿರದಿಂದ ನೋಡಿದರೆ ಉಬ್ಬುತಗ್ಗು. ಫಿಲ್ಮ್ ಉಬ್ಬುಗಳ ಮೇಲಷ್ಟೇ ಕೂರುತ್ತೆ, ತಗ್ಗಿನಲ್ಲಿ ಗಾಳಿ ಉಳಿಯುತ್ತೆ. ನಿಮಗೆ ಬೆಳ್ಳಗೆ ಕಾಣ್ತಿರೋದು ಆ ಗಾಳಿ.

ಹೊಸ ಬ್ಲೇಡಿನ ತುದಿ ಅಥವಾ ಸಣ್ಣ ಸೂಜಿಯಿಂದ ಮಿನುಗೋ ಜಾಗದಲ್ಲಿ ಮಾತ್ರ ನೇರವಾಗಿ ಚುಚ್ಚಿ, ಎಳೆಯಬೇಡಿ. ಮೇಲೆ ಸಾಲ್ ಸವರಿದರೆ ತೂತಿನ ಮೂಲಕ ಒಳಗೆ ಹೀರಿಕೊಳ್ಳುತ್ತೆ. ಬೆಳ್ಳಗಿದ್ದದ್ದು ಕಣ್ಣೆದುರೇ ಮಾಯವಾಗಿ ಕೆಳಗಿನ ಬಣ್ಣ ಕಾಣುತ್ತೆ. ರಾತ್ರಿಯಿಡೀ ಬಿಡಿ, ಉಳಿದ ಕಡೆ ಮತ್ತೆ ಅದೇ. ಎರಡು ಮೂರು ಸುತ್ತು ಸಾಮಾನ್ಯ.

ರೌಂಡಲ್‌ಗೆ ಗೆರೆಯುದ್ದಕ್ಕೂ ಬ್ಲೇಡಿನಲ್ಲಿ ಹಗುರಾಗಿ ಒಂದು ಸಲ ಸೀಳಿ, ಆಮೇಲೆ ಸಾಲ್. ಅದು ಒಣಗೋವರೆಗೂ ಚರ್ಮದ ಹಾಗೆ ಸುಕ್ಕುಗಟ್ಟುತ್ತೆ. ಗಾಬರಿಯಾಗಿ ಬೆರಳು ಹಾಕಿದಿರೋ, ಮುಗೀತು. ಒಣಗ್ತಾ ತಾನೇ ಚಪ್ಪಟೆಯಾಗುತ್ತೆ.

ಮಸಿಬಟ್ಟಲು:
ಮೇಲಿನದು ರೌಂಡಲ್‌ಗೆ ಸರಿ. ಒಂದು ಮಿಲಿಮೀಟರ್ ಎತ್ತರದ ಅಕ್ಷರಕ್ಕೆ ಚುಚ್ಚೋದು ದಂಡ, ಅಕ್ಷರವೇ ಹರಿಯುತ್ತೆ. ಅಲ್ಲಿ ಒಂದು ಸಲ ಸಾಲ್ ಹಚ್ಚಿ ನೋಡಿ. ಮಿನುಗು ಹೋಗದಿದ್ದರೆ ವಿಮಾನದ ಮೈಬಣ್ಣವನ್ನೇ ತೆಳು ಮಾಡಿ 000 (ಅತಿ ಸಣ್ಣ) ಬ್ರಷ್‌ನಲ್ಲಿ ಅಕ್ಷರದ ಸುತ್ತಲಿನ ಫಿಲ್ಮ್ ಮೇಲೆ ತುಂಬಿ. ಮೋಸವೇ, ಆದರೆ ಕಾಣಲ್ಲ.

ಚೂರಾದ ಪಟ್ಟಿ: ಬಾಲದ ಮೇಲೆ ಧಾರಾಳವಾಗಿ ನೀರು ಹಾಕಿ, ಸಾಲ್ ಬೇಡ. ತುಂಡುಗಳು ತೇಲಬೇಕು. ಒದ್ದೆ ಬ್ರಷ್‌ನಿಂದ ನೂಕಿ ಅಂಚಿಗೆ ಅಂಚು ಸೇರಿಸಿ, ಪಕ್ಕದಿಂದ ಟಿಶ್ಯೂ ತುದಿಗೆ ನೀರು ಹೀರಿಸಿ. ಪೂರ್ತಿ ಒಣಗಿದ ಮೇಲೆ ಬಿರುಕಿಗೆ ಬಣ್ಣ ತುಂಬಿ.

ಶೀಟಲ್ಲಿ ಉಳಿದದ್ದನ್ನು ಹಾಗೇ ನೀರಿಗೆ ಹಾಕಬೇಡಿ. ಮೊದಲು ಬೇಡದ ಒಂದನ್ನು ಮುಳುಗಿಸಿ ಪರೀಕ್ಷಿಸಿ. ಅದೂ ಒಡೆದರೆ ಇಡೀ ಶೀಟಿಗೆ ಮೈಕ್ರೋಸ್ಕೇಲ್ ಲಿಕ್ವಿಡ್ ಡೆಕಾಲ್ ಫಿಲ್ಮ್ ಒಂದು ಕೋಟ್ ಹಚ್ಚಿ ಒಣಗಿಸಿ. ಹಚ್ಚಿದ ಮೇಲೆ ಶೀಟೆಲ್ಲ ಒಂದೇ ಫಿಲ್ಮ್ ಆಗಿರುತ್ತೆ, ಹಾಗಾಗಿ ಪ್ರತಿಯೊಂದನ್ನೂ ಚಿತ್ರದ ಅಂಚಿಗೇ ಕತ್ತರಿಸಬೇಕು. ಇದನ್ನು ಮರೆತವರೇ ಜಾಸ್ತಿ.

ರೆಕ್ಕೆಪುಕ್ಕ:
ರೌಂಡಲ್ ಇಳೀತು, ಗೆರೆ ಕಾಣ್ತಿದೆ. ಉಳಿದ ಡೆಕಾಲ್‌ಗೆ ಮೊದಲೇ ಎಕ್ಸ್-22 (ತಮಿಯಾದ ಬಣ್ಣವಿಲ್ಲದ ಹೊಳಪು ಕೋಟ್) ಬ್ರಷ್‌ನಲ್ಲಿ ಹಚ್ಚಲಾ?

ಸೂಜಿಮೊನೆ:
ಬ್ರಷ್ ಬೇಡ್ವೇ ಬೇಡ, ಕೆಳಗಿನ ಎಕ್ಸ್‌ಎಫ್ ಕರಗಿ ಎದ್ದು ಬರುತ್ತೆ. ಏರ್‌ಬ್ರಷ್‌ನಲ್ಲಿ ತೆಳುವಾಗಿ ಎರಡು ಮೂರು ಕೋಟ್, ಆಮೇಲೆ 24 ಗಂಟೆ ಮುಟ್ಟಬೇಡಿ. ವಾಸನೆ ಬರ್ತಿದ್ದರೆ ಇನ್ನೂ ಒಣಗಿಲ್ಲ ಅಂತಲೇ ಅರ್ಥ.

ಡೆಕಾಲ್ ಅನ್ನು ಉಗುರುಬೆಚ್ಚಗಿನ ನೀರಲ್ಲಿ 15-20 ಸೆಕೆಂಡ್ ಅದ್ದಿ ತೆಗೆದು ಟಿಶ್ಯೂ ಮೇಲಿಡಿ, ಅಲ್ಲೇ ಬಿಟ್ಟುಕೊಳ್ಳುತ್ತೆ. ನೀರಲ್ಲೇ ತೇಲಲು ಬಿಟ್ಟರೆ ಅಂಟು ತೊಳೆದು ಹೋಗುತ್ತೆ. ಕೂರಿಸೋ ಜಾಗಕ್ಕೆ ಸೆಟ್ (ವಿನೆಗರ್ ವಾಸನೆಯದು), ಕೂತ ಮೇಲೆ ಸಾಲ್. ಸುತ್ತ ನಿಂತ ಸಾಲ್ ಹನಿಯನ್ನು ಆಗಲೇ ಹೀರಿಸಿ, ಇಲ್ಲಾಂದ್ರೆ ಕಲೆ ಉಳಿಯುತ್ತೆ.

ಮಸಿಬಟ್ಟಲು:
ಮ್ಯಾಟ್ ವಾರ್ನಿಶ್‌ಗೆ ಮುಂಚೆ ಒದ್ದೆ ಹತ್ತಿಯಿಂದ ಒಣಗಿದ ಅಂಟನ್ನು ಒರೆಸಿ. ಈಗ ಕಾಣದ ಕಂದು ಉಂಗುರಗಳು ಮ್ಯಾಟ್ ಬಿದ್ದ ಮೇಲೆ ಎದ್ದು ಕಾಣುತ್ತವೆ.